ಕಣ್ಣಿಗೆ ಕಾಣದ್ದು ಸಹ

ಸಿದ್ಧಕಟ್ಟೆಯ ರಾಜೀವಿಯಮ್ಮನ ಅಡುಗೆಮನೆಯಲ್ಲಿ ಕೆಲವು ಮಾತುಗಳಿಗೆ ಪ್ರವೇಶವೇ ಇರಲಿಲ್ಲ. ಸೌತೆಕಾಯಿಯನ್ನು ‘ಕಡಿ’ ಎನ್ನಬಾರದು, ‘ಹೆಚ್ಚು’ ಎನ್ನಬೇಕು. ಜಿರಳೆ ಕಂಡರೆ ‘ಹೊರಗೆ ಕಳಿಸು’ ಎನ್ನಬೇಕು. ಹೊಡಿ, ಬಡಿ, ಕೊಲ್ಲು ಇತ್ಯಾದಿಗಳನ್ನೆಲ್ಲ ಚಪ್ಪಲಿಯ ಜೊತೆ ಮೆಟ್ಟಿಲ ಕೆಳಗೇ ಬಿಟ್ಟು ಬರಬೇಕು. ನಲವತ್ತು ವರ್ಷದ ಹಿಂದೆ ಅಳದಂಗಡಿಯಿಂದ ಮದುವೆಯಾಗಿ ಬರುವಾಗ ತವರಿನಿಂದ ತಂದ ಕಟ್ಟಳೆ ಇದು. ಗಂಡ ಸನತ್‌ಕುಮಾರರು ಬದುಕಿರುವಷ್ಟು ದಿನ ಇದನ್ನು ಗೇಲಿ ಮಾಡಿದರು, ಆದರೆ ಒಂದು ದಿನವೂ ಮೀರಲಿಲ್ಲ. ಪಾಪ, ಹೆಂಡತಿಯ ಬಾಯಿಯ ಪರಿಚಯ ಅವರಿಗೆ ಚೆನ್ನಾಗಿತ್ತು.

ಅಂಥ ಮನೆಯ ಊಟದ ಮೇಜಿನ ಮೇಲೆ ಸೊಸೆ ಸಾತ್ವಿಕಾ ಒಂದು ಸಂಜೆ, ಹಬೆಯಲ್ಲಿ ಬೇಯಿಸುವ ಪುಂಡಿಗೆಂದು ಕಾಯಿಸಿಟ್ಟ ಅಕ್ಕಿಹಿಟ್ಟಿನಲ್ಲಿ ಒಂದು ಮುದ್ದೆ ತೆಗೆದುಕೊಂಡಳು. ಅದರ ಮುಂದೆ ಒಂದು ಚಿಟಿಕೆ ಸಾಸಿವೆ ಚೆಲ್ಲಿ, “ನೋಡಿ ಮಕ್ಕಳೇ, ಈ ಬಿಳಿ ಮುದ್ದೆ ನಮ್ಮ ರಕ್ತದ ಸೈನಿಕ. ಸಾಸಿವೆ ಅಂದ್ರೆ ರೋಗದ ಕ್ರಿಮಿ. ಕ್ರಿಮಿ ಒಳಗೆ ಬಂತೋ, ಸೈನಿಕ ಹೋಗಿ ಅದನ್ನು ಕೊಲ್ತಾನೆ,” ಎಂದಳು.

ಒಲೆಯ ಮುಂದಿದ್ದ ರಾಜೀವಿಯಮ್ಮ ಸೌಟು ಕೆಳಗಿಟ್ಟರು.

“ಎಂತ ಹೇಳಿದೆ?”

“ಪಾಠ ಅತ್ತೆ. ಬರುವ ವಾರ ಶಾಲೆಯಲ್ಲಿ ಮಾದರಿ ಪಾಠ ಮಾಡ್ಲಿಕ್ಕುಂಟು. ಬೇರೆ ಶಾಲೆಯ ಟೀಚರುಗಳೆಲ್ಲ ನೋಡ್ಲಿಕ್ಕೆ ಬರ್ತಾರೆ. ಮೈಯೊಳಗಿನ ರೋಗನಿರೋಧಕ ಶಕ್ತಿಯ ಬಗ್ಗೆ.”

“ಪಾಠ ಆಗ್ಲಿ. ಹಿಟ್ಟೂ ತೆಗೆದುಕೋ, ಸಾಸಿವೆಯೂ ತೆಗೆದುಕೋ. ಆದ್ರೆ ಉಣ್ಣುವ ಜಾಗದಲ್ಲಿ ಆ ಮಾತು ಬೇಡ.”

ಸಾತ್ವಿಕಾ ಲಾಯಿಲದ ಹುಡುಗಿ. ಅವಳೂ ಬಸದಿಯ ನೆರಳಲ್ಲೇ ಬೆಳೆದವಳು, ಅವಳ ಮನೆಯಲ್ಲೂ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಆದರೆ ಮಾತಿಗೆ ಇಷ್ಟೊಂದು ಕಾವಲು ಅಲ್ಲಿರಲಿಲ್ಲ. “ಮತ್ತೆ ಎಂತ ಹೇಳುದು ಅತ್ತೆ? ಕ್ರಿಮಿಯನ್ನು ಕೂರಿಸಿ ಬೆಲ್ಲ, ನೀರು ಕೊಡ್ತದೆ ಅಂತ ಹೇಳ್ಳಾ?”

“ಹೇಳು, ಹೇಳು. ನಿನ್ನ ಬಾಯಿಗೆ ಯಾರು ಅಡ್ಡ ಬರ್ತಾರೆ!”

ಸಾತ್ವಿಕಾಳ ಗಂಡ ಶಶಿರಾಜ್ ಪೇಟೆಯಲ್ಲಿ ಪೈಂಟು, ಹಾರ್ಡ್‌ವೇರಿನ ಅಂಗಡಿ ಇಟ್ಟವನು. ಸಂಜೆಯ ಊಟಕ್ಕೆ ಬಂದು ತಟ್ಟೆಯ ಮುಂದೆ ಕೂತಿದ್ದ. “ತಿನ್ತದೆ ಅಂತ ಹೇಳು ಮಾರಾಯ್ತಿ. ಮುದ್ದೆ ಸಾಸಿವೆಯನ್ನು ತಿನ್ತದೆ. ಮುಗೀತಲ್ಲ,” ಎಂದ. ಅಂಗಡಿಯಲ್ಲಿ ಗಿರಾಕಿಗಳ ಜಗಳ ಬಿಡಿಸಿ ಅವನಿಗೆ ಅಭ್ಯಾಸವಿತ್ತು.

ಸಾತ್ವಿಕಾ ಮುದ್ದೆಯನ್ನು ಸಾಸಿವೆಯ ಮೇಲೆ ಒತ್ತಿ ಮಡಚಿದಳು. ಸಾಸಿವೆ ಮಾಯ. ಆರು ವರ್ಷದ ಮಗ ಯಶ್ ಕೇಕೆ ಹಾಕಿದ. ಅವನ ಅಕ್ಕ ತನ್ವಿ ಮಾತ್ರ ನಗಲಿಲ್ಲ. ಐದನೇ ಕ್ಲಾಸಿನ ಹುಡುಗಿ ಅದು, ಯಾವುದನ್ನೂ ಹಾಗೇ ನುಂಗುವ ಪೈಕಿಯಲ್ಲ.

“ಅಮ್ಮ, ಕ್ರಿಮಿಗೆ ಜೀವ ಉಂಟಾ?”

“ಉಂಟು.”

“ಅದನ್ನು ಇದು ತಿಂದ್ರೆ, ಇದು ಮಾಂಸಾಹಾರಿಯಾ?”

ಶಶಿರಾಜನಿಗೆ ಗಂಜಿ ನೆತ್ತಿಗೇರಿತು.

“ನನ್ನ ಒಳಗೆ ಸಹ ಇದು ಉಂಟಾ? ರಾತ್ರಿ ಸಹ ತಿನ್ತದಾ?”

“ರಾತ್ರಿ ಹಗಲು ಅಂತ ಅದಕ್ಕೆ ಇಲ್ಲ ಮಗಾ,” ಎಂದು ಸಾತ್ವಿಕಾ ಅತ್ತೆಯ ಮುಖ ನೋಡಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಂದು ಜಗಳ ಅಲ್ಲಿಗೇ ನಿಂತಿತು. ಸಾಸಿವೆ ಸೇರಿದ ಮುದ್ದೆಯನ್ನೂ ಬಿಸಾಡದೆ ಹಬೆಯಲ್ಲಿ ಬೇಯಿಸಿದರು, ಅದನ್ನು ಶಶಿರಾಜನೇ ತಿಂದ.

ಆಮೇಲಿನ ಹತ್ತು ದಿನ ಮನೆ ತುಂಬ ಅದೇ ಪಾಠ. ದೋಸೆ ಹೊಯ್ಯುವಾಗ, ತಲೆ ಬಾಚುವಾಗ, ಬಟ್ಟೆ ಮಡಚುವಾಗ, ಎಲ್ಲ ಹೊತ್ತಿನಲ್ಲೂ. ಚರ್ಮ ಅಂದರೆ ಮನೆಯ ಗೋಡೆ. ಗಾಯ ಅಂದರೆ ಗೋಡೆಯ ತೂತು. ಜ್ವರ ಬಂದರೆ ಮೈ ಕೆಲಸ ಮಾಡುತ್ತಿದೆ ಎಂದು ಅರ್ಥ. ಕೀವು ಅಂದರೆ ಸತ್ತ ಬಿಳಿ ಕಣಗಳೂ ಕ್ರಿಮಿಗಳೂ ಸೇರಿದ ರಾಶಿ. ಒಮ್ಮೆ ಬಂದ ಕ್ರಿಮಿಯ ಗುರುತನ್ನು ಮೈ ಇಟ್ಟುಕೊಳ್ಳುತ್ತದೆ, ಲಸಿಕೆ ಕೊಡುವುದು ಆ ಗುರುತು ಹೇಳಿಕೊಡಲಿಕ್ಕೆ. ರಾಜೀವಿಯಮ್ಮನಿಗೂ ಅರ್ಧ ಪಾಠ ಬಾಯಿಗೆ ಬಂತು. ಕೇಳುತ್ತಾ ಕೇಳುತ್ತಾ ಅವರಿಗೆ ಒಂದು ಹೆಮ್ಮೆಯೂ ಹತ್ತಿತು.

“ನಿಮ್ಮ ಸೂಕ್ಷ್ಮದರ್ಶಕ ಬಂದದ್ದು ಮೊನ್ನೆ,” ಎಂದರು ಸೊಸೆಗೆ ಒಂದು ಬೆಳಿಗ್ಗೆ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸುತ್ತಾ. “ಕಣ್ಣಿಗೆ ಕಾಣದ ಜೀವ ಉಂಟು ಅಂತ ನಮ್ಮವರು ಯಾವ ಕಾಲದಲ್ಲಿ ಹೇಳಿದ್ದಾರೆ! ಮತ್ತೆ ಈ ಬಟ್ಟೆ ಯಾಕೆ ಕಟ್ಟಿದ್ದು ಅಂತ ಗ್ರಹಿಸಿದ್ದೀ?”

ತನ್ವಿ ಹತ್ತಿರವೇ ನಿಂತಿದ್ದಳು. “ಅವುಗಳಿಗೆ ಸಹ ನೋವಾಗ್ತದಾ ಅಜ್ಜಿ?”

“ಜೀವ ಅಂದ ಮೇಲೆ ನೋವಾಗದೆ ಇರ್ತದಾ? ಎಷ್ಟು ಸಣ್ಣದಾದ್ರೂ ಜೀವ ಜೀವವೇ,” ಎಂದರು ರಾಜೀವಿಯಮ್ಮ ಠೀವಿಯಿಂದ.

ಮಾದರಿ ಪಾಠ ಚೆನ್ನಾಗಿ ಆಯಿತು. ನಲವತ್ತು ಮಕ್ಕಳ ಕೈಗೂ ಹಿಟ್ಟು ಸಿಕ್ಕಿತು, ನೋಡಲು ಬಂದ ಟೀಚರುಗಳು ಕೂಡ ಮುದ್ದೆ ಕಟ್ಟಿ ಸಾಸಿವೆ ನುಂಗಿಸಿದರು. ಸಾತ್ವಿಕಾ ಆ ದಿನ ಬಸ್ಸಿಳಿದು ಮನೆಗೆ ಬಂದ ಚಂದ ನೋಡಬೇಕಿತ್ತು. ಅತ್ತೆಯೂ ಯಾರೂ ಹೇಳದೆಯೇ ಪಾಯಸ ಮಾಡಿಟ್ಟಿದ್ದರು.

ಅದಾಗಿ ನಾಲ್ಕೇ ದಿನಕ್ಕೆ ಭಾದ್ರಪದದ ಪಂಚಮಿ. ದಶಲಕ್ಷಣ ಪರ್ವ ಸುರುವಾಯಿತು. ಹತ್ತು ದಿನ ಬಸದಿಯಲ್ಲಿ ಬೆಳಗಿನ ಪೂಜೆ, ದೊಡ್ಡವರಿಗೆ ದಿನಕ್ಕೆ ಒಂದೇ ಊಟ. ಮಕ್ಕಳಿಗೆ ಊಟ ಬಿಡಿಸುವುದಿಲ್ಲ, ಬದಲಿಗೆ ಒಂದೊಂದು ನಿಯಮ ಹಿಡಿಸುತ್ತಾರೆ. ಮೊದಲನೇ ದಿನ ಮಕ್ಕಳು ಸಾಲಾಗಿ ನಿಂತು, ಪೂಜೆ ಮಾಡುವ ಇಂದ್ರರ ಮುಂದೆ ತಮ್ಮ ನಿಯಮವನ್ನು ಗಟ್ಟಿಯಾಗಿ ಹೇಳಬೇಕು. ಯಶ್ ಚಾಕಲೇಟು ಬಿಟ್ಟ. ಪಕ್ಕದ ಮನೆಯ ಹುಡುಗ ಮೊಬೈಲು ಬಿಟ್ಟ, ಅವನ ತಾಯಿ ಕೈ ಮುಗಿದಳು.

ತನ್ವಿಯ ಸರದಿ ಬಂತು. “ಹತ್ತು ದಿನ ನನ್ನಿಂದ ಯಾವ ಜೀವವೂ ಸಾಯ್ಲಿಕ್ಕಿಲ್ಲ,” ಎಂದಳು. ಒಂದು ಕ್ಷಣ ನಿಂತು, “ಕಣ್ಣಿಗೆ ಕಾಣದ್ದು ಸಹ,” ಎಂದು ಸೇರಿಸಿದಳು.

ಕೂತ ಹೆಂಗಸರೆಲ್ಲ ‘ಆಹಾ’ ಎಂದರು. ಇಂದ್ರರು ಮಾತ್ರ ಕೈಯಲ್ಲಿದ್ದ ಅಕ್ಷತೆಯನ್ನು ಹಾಕದೆ ಹಿಡಿದುಕೊಂಡು, “ಮಗು, ಸ್ವಲ್ಪ ಯೋಚಿಸಿ ಹೇಳು,” ಎಂದರು.

ರಾಜೀವಿಯಮ್ಮನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ, “ನನ್ನ ಮೊಮ್ಮಗಳು ಯೋಚಿಸದೆ ಮಾತಾಡುವವಳಲ್ಲ,” ಎಂದರು, ಎಲ್ಲರಿಗೂ ಕೇಳುವ ಹಾಗೆ. ಇಂದ್ರರು ಅಕ್ಷತೆ ಹಾಕಿದರು. ಬಸದಿಯಿಂದ ಮನೆಯವರೆಗೆ ರಾಜೀವಿಯಮ್ಮ ಮೊಮ್ಮಗಳ ಕೈ ಹಿಡಿದು ನಡೆದ ಗತ್ತು ನೋಡಿದರೆ, ನಿಯಮ ಹಿಡಿದದ್ದು ತನ್ವಿಯೋ ಅವರೋ ಎಂದು ಯಾರಿಗಾದರೂ ಸಂಶಯ ಬರಬೇಕು.

ಎರಡನೇ ದಿನ ಸಾತ್ವಿಕಾ ಬಚ್ಚಲಿನಲ್ಲಿ ಸಾಬೂನು ಒಣಗಿದ್ದು ಕಂಡಳು.

“ತನ್ವಿ, ಕೈ ತೊಳೆದದ್ದು ಹೌದಾ?”

“ಬರೀ ನೀರಲ್ಲಿ ತೊಳೆದೆ. ಸಾಬೂನು ಹಾಕಿದ್ರೆ ಕ್ರಿಮಿ ಸಾಯ್ತದೆ ಅಂತ ನೀನೇ ಪಾಠ ಮಾಡಿದ್ದಲ್ವಾ?”

ಸಾತ್ವಿಕಾ ಅತ್ತೆಯ ಹತ್ತಿರ ಬಂದಳು. “ಅತ್ತೆ, ಇದು ಅತಿ ಆಯ್ತು. ನೀವೊಂದು ಮಾತು ಹೇಳಿ.”

“ಹತ್ತು ದಿನ ಅಲ್ವಾ? ನಾವು ಸಣ್ಣವರಿರುವಾಗ ಎಲ್ಲಿತ್ತು ಸಾಬೂನು? ಒಳ್ಳೆಯ ಬುದ್ಧಿ ಬಂದದ್ದನ್ನು ನಾವೇ ಮುರಿಯಬಾರದು.” ರಾಜೀವಿಯಮ್ಮ ಅಲಸಂಡೆ ಮುರಿಯುತ್ತಾ ತಲೆ ಎತ್ತದೆ ಉತ್ತರ ಕೊಟ್ಟರು. ಹೇಳಿದ ಮೇಲೆ ತಾನು ಹೇಳಿದ್ದು ಅಷ್ಟು ಸರಿಯಿಲ್ಲ ಎಂದು ಅವರಿಗೂ ಅನ್ನಿಸಿತು. ಆದರೆ ಹೊರಗೆ ಬಿದ್ದ ಮಾತನ್ನು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ಆ ತಾಯಿಗೆ ಇರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಬಸದಿಯಲ್ಲಿ ಎಲ್ಲರೂ ಕೂತರು, ತನ್ವಿ ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದಳು. ‘ಕೂತುಕೊ’ ಎಂದು ರಾಜೀವಿಯಮ್ಮ ಕೈಸನ್ನೆ ಮಾಡಿದರು. ಅವಳು ತಲೆ ಅಲ್ಲಾಡಿಸಿದಳು. ಹೊರಗೆ ಬರುವಾಗ ಕಾಲು ಎಳೆಯುತ್ತಿದ್ದಳು. ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ ಲಂಗ ಎತ್ತಿದರೆ, ಮೊಣಕಾಲು ಊದಿ ಕೆಂಪಾಗಿದೆ, ಮಧ್ಯೆ ಗಾಯ, ಗಾಯದ ತುಂಬ ಹಳದಿ ಕೀವು. ಕೈ ಇಟ್ಟರೆ ಸುಡುತ್ತಿತ್ತು.

“ಅಯ್ಯೋ ದೇವರೇ! ಯಾವಾಗ ಆದದ್ದಿದು?”

“ನಾಲ್ಕು ದಿನ ಆಯ್ತು. ಖೋಖೋ ಆಡುವಾಗ ಬಿದ್ದೆ. ಅಮ್ಮನಿಗೆ ಹೇಳ್ಬೇಡಿ ಅಜ್ಜಿ, ಮದ್ದು ಹಾಕ್ತಾಳೆ.” ಅವಳು ಬಗ್ಗಿ ಗಾಯವನ್ನು ನೋಡಿದಳು. “ಅಜ್ಜಿ, ಕೀವು ಅಂದ್ರೆ ಎಲ್ಲ ಸತ್ತದ್ದು. ನಾನು ಮದ್ದು ಹಾಕದಿದ್ರೂ ಒಳಗೆ ಸಾಯ್ತಾ ಉಂಟು. ನಿಲ್ಲಿಸುದು ಹೇಗೆ ಅಂತ ನನಗೆ ಗೊತ್ತಾಗುದಿಲ್ಲ.”

ನಾಲ್ಕು ದಿನ! ನಾಲ್ಕು ದಿನ ಈ ಪುಟ್ಟ ಜೀವ ಇಂಥ ಕಾಲು ಹೊತ್ತುಕೊಂಡು, ತಾನು ಬಡಿಸಿದ್ದನ್ನು ಉಂಡು, ತನ್ನ ಪಕ್ಕದಲ್ಲೇ ಮಲಗಿತ್ತು. ಅವರು ಮಗುವನ್ನು ಎತ್ತಿಕೊಳ್ಳಲು ಹೋದರು, ಆಗಲಿಲ್ಲ. ಶಶಿರಾಜನಿಗೆ ಫೋನು ಮಾಡಿಸಿದರು.

ಪೇಟೆಯ ಕ್ಲಿನಿಕ್ಕಿನಲ್ಲಿ ನರ್ಸ್ ನಸೀಬಾ ಗಾಯ ತೊಳೆದಳು. ತೊಳೆಯುವ ಮೊದಲು ತನ್ವಿ, “ಇದರಲ್ಲಿ ಎಂತ ಉಂಟು?” ಎಂದು ಕೇಳಿದಳು. “ಉಪ್ಪು ನೀರು ಮಾತ್ರ ಮೋಳೆ,” ಎಂದಳು ನಸೀಬಾ, ತನ್ನ ಬ್ಯಾರಿ ಮಾತಿನಲ್ಲಿ ಮಗಳೇ ಎಂದು ಕರೆದು. ಅದಕ್ಕೆ ತನ್ವಿ ಕಾಲು ಚಾಚಿದಳು. ನೋವಿಗೆ ಕಣ್ಣಲ್ಲಿ ನೀರು ಇಳಿದರೂ ಅಲುಗಲಿಲ್ಲ. ಡಾಕ್ಟರು ಐದು ದಿನದ ಮಾತ್ರೆ ಬರೆದರು. “ಇವತ್ತೇ ಸುರು ಮಾಡ್ಬೇಕು. ಬಾವು ಮೇಲೆ ಏರ್ತಾ ಉಂಟು. ನಾಳೆ ಬೆಳಿಗ್ಗೆ ಹೀಗೇ ಇದ್ರೆ ಬಂಟ್ವಾಳದ ಆಸ್ಪತ್ರೆಗೆ ಬರೆದು ಕೊಡ್ತೇನೆ, ಅಡ್ಮಿಟ್ ಮಾಡಿ ಕೊಯ್ಯಬೇಕಾಗ್ತದೆ,” ಎಂದರು.

ಮನೆಯಲ್ಲಿ ತನ್ವಿ ಮಾತ್ರೆ ನೋಡಿ ಬಾಯಿ ಬಿಗಿದಳು.

“ಇದು ಕೊಲ್ಲುವ ಮಾತ್ರೆ. ಇನ್ನು ಎರಡೇ ದಿನ ಅಲ್ವಾ, ಪರ್ವ ಮುಗಿದ ಮೇಲೆ ತಿನ್ತೇನೆ.”

ಶಶಿರಾಜ್ ಗದರಿಸಿದ. ಮೂಗು ಹಿಡಿದು ಹಾಕುತ್ತೇನೆ ಎಂದ. ಹಾಕಿಯೂ ನೋಡಿದ, ಅವಳು ಉಗಿದಳು. ಶಾಲೆಯಿಂದ ರಜೆ ಹೇಳಿ ಓಡಿ ಬಂದ ಸಾತ್ವಿಕಾ ಮೊದಲು ಮಗುವಿನ ಕಾಲು ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು.

“ಈಗ ಸಮಾಧಾನ ಆಯ್ತಾ ಅತ್ತೆ?”

“ನನ್ನನ್ನೇನು ಕೇಳ್ತೀ? ಮೈಯೊಳಗೆ ಯುದ್ಧ ಆಗ್ತದೆ, ಹೆಣ ಬೀಳ್ತದೆ ಅಂತ ಮಗುವಿನ ತಲೆಗೆ ತುಂಬಿಸಿದ್ದು ಯಾರು?”

“ಹೌದು, ನಾನೇ. ಅದು ಇದ್ದದ್ದು ಇದ್ದ ಹಾಗೆ ಹೇಳಿದ್ದು. ಕ್ರಿಮಿಗೆ ಸಹ ನೋವಾಗ್ತದೆ ಅಂತ ಹೇಳಿದ್ದು ಯಾರು? ಇಂದ್ರರು ಯೋಚಿಸು ಅಂದಾಗ ಬೇಡ ಅಂದದ್ದು ಯಾರು? ನಿಮಗೆ ಹತ್ತು ಜನರ ಎದುರು ಮೊಮ್ಮಗಳು ಮಿಂಚಬೇಕಿತ್ತು!”

ಹದಿಮೂರು ವರ್ಷದಲ್ಲಿ ಸೊಸೆ ಇಷ್ಟು ಎತ್ತರದ ದನಿಯಲ್ಲಿ ಮಾತಾಡಿದ್ದಿಲ್ಲ. ಸಾತ್ವಿಕಾ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ನಿಮ್ಮಿಬ್ಬರ ಲೆಕ್ಕ ಆಮೇಲೆ,” ಎಂದ ಶಶಿರಾಜ್. “ಸಂಜೆ ಆರೂವರೆಗೆ ಹೊತ್ತು ಮುಳುಗ್ತದೆ. ಮುಳುಗಿದ ಮೇಲೆ ನೀರು ಸಹ ಮುಟ್ಟುವವಳಲ್ಲ ಇವಳು. ಈಗ ಗಂಟೆ ಮೂರು.”

ರಾಜೀವಿಯಮ್ಮ ಸೀರೆ ಸರಿ ಮಾಡಿಕೊಂಡು ಬಸದಿಗೆ ಹೊರಟರು. ಇಂದ್ರರು ಒಳಗೆ ಪಾತ್ರೆ ಬೆಳಗುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ, “ನಾನು ಆವತ್ತೇ...” ಎಂದವರು ರಾಜೀವಿಯಮ್ಮನ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟರು. ಒಳ್ಳೆಯ ಮನುಷ್ಯ.

“ನಿಮಗೆ ಗೊತ್ತಿಲ್ಲದ್ದು ಎಂತ ಉಂಟಮ್ಮ? ಬೇಕು ಅಂತ ಮಾಡಿದ ಹಿಂಸೆ ಬೇರೆ, ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆ ಬೇರೆ. ಸಂಸಾರಸ್ಥರು ಬಿಡಬೇಕಾದ್ದು ಮೊದಲನೆಯದ್ದನ್ನು. ಎರಡನೆಯದ್ದನ್ನು ಸಹ ಬಿಡುದು ಮುನಿಗಳಿಗೆ. ಮಗು ಹಿಡಿದದ್ದು ಮುನಿಗಳ ನಿಯಮ, ಅದನ್ನು ಅವಳ ತಲೆ ಮೇಲೆ ಇಟ್ಟದ್ದು ನಾವು ದೊಡ್ಡವರು. ಇಳಿಸಬೇಕಾದ್ದು ಸಹ ನಾವೇ.”

‘ನಾವು’ ಎಂದರು ಅವರು. ‘ನೀವು’ ಎನ್ನಲಿಲ್ಲ. ಅದಕ್ಕೇ ರಾಜೀವಿಯಮ್ಮನಿಗೆ ಹೆಚ್ಚು ನಾಚಿಕೆಯಾಯಿತು.

ಮನೆಗೆ ಬಂದಾಗ ಸಾತ್ವಿಕಾ ಅಡುಗೆಮನೆಯಲ್ಲಿ ಗಂಜಿಗೆ ಹೆಸರುಕಾಳು ಹಾಕುತ್ತಿದ್ದಳು. ಅತ್ತು ಮುಖ ಊದಿಸಿಕೊಂಡಿದ್ದಳು. ರಾಜೀವಿಯಮ್ಮ ಅವಳ ಪಕ್ಕ ಬಂದು ನಿಂತರು.

“ಸಾತ್ವಿಕಾ, ಆ ಬಿಳಿ ಕಣ ಉಂಟಲ್ಲ. ಅದು ಮೈ ಬಿಟ್ಟು ಹೊರಗೆ ಹೋಗಿ ಹುಡುಕ್ತದಾ ಕ್ರಿಮಿಯನ್ನು?”

ಸಾತ್ವಿಕಾ ತಿರುಗಿದಳು. “ಇಲ್ಲ ಅತ್ತೆ. ಮೈಯೊಳಗೇ ಸುತ್ತುದು. ಬಂದದ್ದನ್ನು ಮಾತ್ರ ನೋಡಿಕೊಳ್ತದೆ.”

“ಬಂದದ್ದನ್ನೆಲ್ಲ?”

“ಎಲ್ಲವನ್ನೂ ಅಲ್ಲ. ನಮ್ಮ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸಣ್ಣ ಜೀವಿಗಳು ಅವುಗಳ ಪಾಡಿಗೆ ಇದ್ದಾವೆ. ಅವುಗಳನ್ನು ಹಾಗೆಲ್ಲ ಮುಟ್ಟುದಿಲ್ಲ. ಉಪದ್ರ ಮಾಡಿದವನ್ನು ಮಾತ್ರ.”

“ಹೌದಾ! ಇದನ್ನು ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ?”

“ನೀವು ಕೇಳ್ಳಿಲ್ಲ. ನಾನು ಸಹ ಮುದ್ದೆ, ಸಾಸಿವೆ ಅಂತ ಅದರಲ್ಲೇ ಬಿದ್ದಿದ್ದೆ.”

ರಾಜೀವಿಯಮ್ಮ ಸೊಸೆಯ ಕೈ ಹಿಡಿದರು. “ನೀನು ಆಗ ಹೇಳಿದ್ದು ಸರಿ. ನನಗೆ ಮಿಂಚಬೇಕಿತ್ತು. ಬಾ, ಇಬ್ಬರೂ ಹೋಗುವ. ನೀರು ತೆಗೆದುಕೋ.”

ತನ್ವಿ ಚಾವಡಿಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು. ಮೈ ಬೆಚ್ಚಗಿತ್ತು. ಕಿಟಕಿಯಲ್ಲಿ ಬಿಸಿಲು ಹಳದಿಯಾಗುತ್ತಿತ್ತು, ಗಂಟೆ ಆರು ದಾಟಿತ್ತು. ಯಶ್ ಅವಳ ತಲೆಯ ಹತ್ತಿರ ಕೂತು, ಬಿಟ್ಟ ಚಾಕಲೇಟನ್ನೆಲ್ಲ ಪರ್ವ ಮುಗಿದ ಮೇಲೆ ನಿನಗೇ ಕೊಡುತ್ತೇನೆ ಎಂದು ಆಣೆ ಹಾಕುತ್ತಿದ್ದ. ಶಶಿರಾಜ್ ಅಂಗಡಿಗೆ ಹೋಗದೆ ಬಾಗಿಲಲ್ಲಿ ನಿಂತಿದ್ದ.

ಅಜ್ಜಿ ಹೇಳುತ್ತಾ ಹೋದರು, ತಾಯಿ ನಡುವೆ ನಡುವೆ ಸೇರಿಸುತ್ತಾ ಹೋದಳು. ಮೈ ಯಾರ ಮನೆಗೂ ನುಗ್ಗುವುದಿಲ್ಲ. ಸುಮ್ಮನಿರುವವರನ್ನು ಮುಟ್ಟುವುದಿಲ್ಲ. ಗೋಡೆ ತೂತಾದಾಗ ಒಳಗೆ ನುಗ್ಗಿ ಹಾಳು ಮಾಡುವವರನ್ನು ತಡೆಯುತ್ತದೆ, ಅಷ್ಟೇ. ಅದು ತಡೆದು ತಡೆದು ಸೋತಿದೆ, ಈಗ ಮಾತ್ರೆ ಅದಕ್ಕೊಂದು ಕೈ ಸೇರಿಸುತ್ತದೆ. ಇದು ವಿರೋಧಿ ಹಿಂಸೆ, ಸಂಸಾರಸ್ಥರಿಗೆ ಇದನ್ನು ಬಿಡಲಿಕ್ಕಾಗುವುದಿಲ್ಲ.

ತನ್ವಿ ಎಲ್ಲವನ್ನೂ ಕೇಳಿದಳು. “ಅಜ್ಜಿ, ಕ್ರಿಮಿಗೆ ಇದು ನನ್ನ ಕಾಲು ಅಂತ ಗೊತ್ತಿತ್ತಾ? ನಾನೇ ಅಲ್ವಾ ಮಣ್ಣಿಗೆ ಬಿದ್ದದ್ದು? ಗೊತ್ತಿಲ್ಲದೆ ಬಂದದ್ದಾದ್ರೆ ಅದರದ್ದು ಎಂತ ತಪ್ಪು?”

ಸಾತ್ವಿಕಾ ಅತ್ತೆಯನ್ನು ನೋಡಿದಳು. ಅತ್ತೆ ಸೊಸೆಯನ್ನು ನೋಡಿದರು.

“ನನಗೆ ಗೊತ್ತಿಲ್ಲ ಮಗಾ,” ಎಂದರು ರಾಜೀವಿಯಮ್ಮ. ಈ ಮಾತು ಅವರ ಬಾಯಿಂದ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. “ನಿನಗೆ ಆ ನಿಯಮ ಹಿಡಿಸಿದ್ದು ನನ್ನ ತಪ್ಪು. ಇಂದ್ರರು ತಡೆದ್ರು, ನಾನು ಕೇಳ್ಳಿಲ್ಲ. ಮಾತ್ರೆ ನುಂಗು. ಅದರಿಂದ ಎಷ್ಟು ಪಾಪ ಬರ್ತದೋ, ಅದು ನನಗಿರಲಿ.”

“ಹಾಗೆ ಕೊಡ್ಲಿಕ್ಕೆ ಆಗುದಿಲ್ಲ ಅಲ್ವಾ? ಒಬ್ಬರ ಕರ್ಮ ಇನ್ನೊಬ್ಬರಿಗೆ ಹೋಗುದಿಲ್ಲ, ದೇವರು ಬಂದ್ರೂ ಹೋಗುದಿಲ್ಲ ಅಂತ ನೀವೇ ಹೇಳಿದ್ದು.”

“ಹೌದು. ನಾನೇ ಹೇಳಿದ್ದು. ಹೋಗುದಿಲ್ಲ.” ರಾಜೀವಿಯಮ್ಮ ಮಂಚದ ಅಂಚಿಗೆ ಸರಿದು ಕೂತರು. ಅರುವತ್ತೈದು ವರ್ಷ ನಂಬಿದ್ದಕ್ಕೆ ವಿರುದ್ಧವಾದ ಮಾತನ್ನು ತಿಳಿದೂ ತಿಳಿದೂ ಆಡುತ್ತಿದ್ದರು, ಆಡದೆ ಇರಲು ಅವರಿಂದ ಆಗುತ್ತಿರಲಿಲ್ಲ. “ಆದ್ರೂ ಕೇಳ್ತಾ ಇದ್ದೇನೆ. ನನಗೆ ಕೊಡು ಮಗಾ. ಪೂರ್ತಿ ಕೊಡು.”

ಅವರು ಅಂಗೈ ಚಾಚಿದರು, ನಿಜವಾಗಿಯೂ ಏನೋ ಬೀಳುತ್ತದೆ ಎನ್ನುವ ಹಾಗೆ. ತನ್ವಿ ಆ ಕೈಯನ್ನು ನೋಡಿದಳು. ಅಜ್ಜಿಯ ಕಣ್ಣಿನಿಂದ ನೀರು ಇಳಿಯುವುದನ್ನು ನೋಡಿದಳು. ಆಮೇಲೆ ತಾಯಿಯ ಕೈಯಿಂದ ಮಾತ್ರೆಯನ್ನು ತೆಗೆದುಕೊಂಡಳು.

“ಪೂರ್ತಿ ಬೇಡ ಅಜ್ಜಿ,” ಎಂದಳು. “ಅರ್ಧ ಅರ್ಧ ಮಾಡುವ.”

ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದು, ನುಂಗಿದ್ದನ್ನು ಎಲ್ಲರಿಗೂ ಬಾಯಿ ತೆರೆದು ತೋರಿಸಿದಳು.